ಊರು ಕಾಯ್ಲಿಕ್ಕೆ ಮಿಲಿಟರಿಯೇ ಬರ್ಬೇಕಾ?

2025ರ ಮೇ ತಿಂಗಳಲ್ಲಿ ನಮ್ಮ ಮಂಗಳೂರಲ್ಲಿ ಬಸ್ಸಲ್ಲಿ, ಹಂಪನಕಟ್ಟೆಯ ಜ್ಯೂಸ್ ಅಂಗಡಿಯಲ್ಲಿ, ನಮ್ಮ ಫ್ಲಾಟಿನ ಗೇಟಿನ ಹತ್ರ, ಎಲ್ಲಿ ನಿಂತ್ರೂ ಒಂದೇ ಮಾತು, "ಇನ್ನು ಮಿಲಿಟರಿಯೇ ಬರ್ಬೇಕು ಮಾರಾಯ್ರೆ". ತಿಂಗಳು ಶುರುವಾದ ದಿನವೇ ಬಜ್ಪೆಯಲ್ಲಿ ಕೊಲೆ, ತಿಂಗಳು ಮುಗಿಯುವ ಮೊದ್ಲು ಬಂಟ್ವಾಳದ ಕಡೆ ಇನ್ನೊಂದು, ಮಧ್ಯದಲ್ಲಿ ಬಂದ್, ಕೋಮು ಗಲಾಟೆಯ ಹೆದರಿಕೆ, ಸಂಜೆ ಆದ ಕೂಡ್ಲೆ ಅಮ್ಮನ ಫೋನು, ಎಲ್ಲಿದ್ದಿ ಎಲ್ಲಿದ್ದಿ ಅಂತ. ಆಗ ನಾನೂ ಮಿಲಿಟರಿ ಬರ್ಲಿ ಅಂತಲೇ ಹೇಳಿದ್ದೆ. ಈಗ ಹಾಗೆ ಅನಿಸುದಿಲ್ಲ.

ನನ್ನ ದೊಡ್ಡಮ್ಮನ ಮಗಳು ಅಮೆರಿಕದ ನ್ಯೂ ಆರ್ಲಿಯನ್ಸಲ್ಲಿ ಇರುದು. 2025ರ ಡಿಸೆಂಬರ್ ಕೊನೆಗೆ ಅಲ್ಲಿಗೆ 350 ಜನ ನ್ಯಾಷನಲ್ ಗಾರ್ಡ್ ಸೈನಿಕರು ಬಂದ್ರು, ಹೊಸ ವರ್ಷಕ್ಕೆ ಬಂದವರು ಫೆಬ್ರವರಿಯ ಮಾರ್ಡಿ ಗ್ರಾ ಹಬ್ಬದವರೆಗೆ ಇರ್ಲಿಕ್ಕೆ ಅಂತ. ಅದೇ ವರ್ಷದ ಜನವರಿ 1ಕ್ಕೆ ಬೌರ್ಬನ್ ಸ್ಟ್ರೀಟಲ್ಲಿ ಒಬ್ಬ ಜನರ ಮೇಲೆ ಟ್ರಕ್ ಹತ್ತಿಸಿ 14 ಜನ ಸತ್ತಿದ್ರಲ್ಲ, ಆ ಹೆದರಿಕೆ ಇನ್ನೂ ಉಂಟು ಅಂತ ಅವಳು ಹೇಳಿದ್ಳು. ಅವಳ ಹತ್ರ ಮಾತಾಡಿದ ಮೇಲೆ ನಾನು ಸ್ವಲ್ಪ ಓದಿದೆ. ಈ ನ್ಯಾಷನಲ್ ಗಾರ್ಡಲ್ಲಿ ಹೆಚ್ಚಿನವರು ಪೂರ್ತಿ ಹೊತ್ತಿನ ಸೈನಿಕರಲ್ಲ, ಅವರಿಗೆ ಬೇರೆ ಕೆಲಸ ಉಂಟು, ತಿಂಗಳಿಗೊಂದು ವೀಕೆಂಡ್, ವರ್ಷಕ್ಕೆ ಎರಡು ವಾರ ಟ್ರೈನಿಂಗ್, ಮತ್ತೆ ಕರೆದಾಗ ಹೋಗ್ಬೇಕು. ಸಾಮಾನ್ಯವಾಗಿ ಅವರು ರಾಜ್ಯದ ಗವರ್ನರ್ ಕೈಕೆಳಗೆ, ಅಲ್ಲಿ ಗವರ್ನರ್ ಅಂದ್ರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಕೇಂದ್ರದ ಸೈನ್ಯವನ್ನು ಪೊಲೀಸ್ ಕೆಲಸಕ್ಕೆ ಹಾಕ್ಬಾರ್ದು ಅಂತ ಅಲ್ಲಿ 1878ರಿಂದಲೇ ಕಾನೂನು ಉಂಟು.

ಆದ್ರೆ ನನಗೆ ಮನಸ್ಸಿಗೆ ನಾಟಿದ್ದು ಅದೇ ಊರಿನ ಹಳೇ ಕಥೆ. 2005ರ ಕತ್ರೀನಾ ಚಂಡಮಾರುತದಲ್ಲಿ ಊರಿನ ಹೆಚ್ಚಿನ ಭಾಗ ಮುಳುಗಿ ಜನ ಮನೆ ಬಿಟ್ಟು ಹೋಗಿದ್ರು, ಪೊಲೀಸರೂ ಕಮ್ಮಿ ಆಗಿದ್ರು. 2006ರ ಜೂನಲ್ಲಿ ಒಂದೇ ಕಡೆ ಐದು ಹುಡುಗರು ಗುಂಡಿಗೆ ಸತ್ತ ಮೇಲೆ ಗವರ್ನರ್ 300 ಗಾರ್ಡ್ ಕಳಿಸಿದ್ರು. ಅವರನ್ನು ಜಾಸ್ತಿ ಗಲಾಟೆ ಆಗುವ ಬೀದಿಗೆ ಹಾಕಲಿಲ್ಲ. ನೀರು ನುಗ್ಗಿ ಖಾಲಿ ಬಿದ್ದ ಏರಿಯಾಗಳಲ್ಲಿ ರಾತ್ರಿ ಗಸ್ತಿಗೆ ಹಾಕಿದ್ರು, ಆ ಮನೆಗಳಲ್ಲಿ ಕಳ್ಳತನ ಆಗದ ಹಾಗೆ ನೋಡ್ಕೊಳ್ಳಿಕ್ಕೆ. ಅಲ್ಲಿಂದ ಬಿಡುಗಡೆ ಆದ ಪೊಲೀಸರು ಕೊಲೆ ಆಗುವ ಬೀದಿಗಳಿಗೆ ಹೋದ್ರು. ಗಾರ್ಡ್ ವಾಪಸ್ ಹೋದದ್ದು 2009ರ ಶುರುವಿಗೆ.

ನಮ್ಮಲ್ಲಿ ಪೊಲೀಸರು ಎಲ್ಲಿ ಇರ್ತಾರೆ ಹೇಳಿ? ಬಂದೋಬಸ್ತಲ್ಲಿ. ಮಂತ್ರಿ ಬಂದ್ರೆ ಬಂದೋಬಸ್ತ್, ಕುದ್ರೋಳಿ ದಸರಾಕ್ಕೆ ಬಂದೋಬಸ್ತ್, ಉಡುಪಿ ಪರ್ಯಾಯಕ್ಕೆ ಇಲ್ಲಿಂದ್ಲೂ ಹೋಗ್ಬೇಕು. ಒಂದ್ಸಲ ನನ್ನ ತಂಗಿಯನ್ನು ಒಬ್ಬ ಮೂರು ದಿನ ಬಸ್‌ಸ್ಟಾಪಿಂದ ಮನೆವರೆಗೆ ಹಿಂಬಾಲಿಸಿದ, ನಾವು ಸ್ಟೇಷನ್ನಿಗೆ ಹೋದ್ರೆ ಅಲ್ಲಿ ಇದ್ದದ್ದು ಇಬ್ರೇ, ಎಲ್ಲರೂ ಬಂದೋಬಸ್ತಿಗೆ ಹೋಗಿದ್ದಾರೆ ನಾಳೆ ಬನ್ನಿ ಅಂದ್ರು. ಆ ಇಬ್ಬರಿಗೂ ನಿದ್ದೆ ಇಲ್ಲದೆ ಕಣ್ಣು ಕೆಂಪಾಗಿತ್ತು, ಬೈಲಿಕ್ಕೂ ಮನಸ್ಸು ಬರ್ಲಿಲ್ಲ. ತಂಗಿ ಮಾತ್ರ ಒಂದು ವಾರ ಕೆಲಸಕ್ಕೆ ಹೋಗ್ಲಿಲ್ಲ.

ಇಲ್ಲಿ ಆ ಗಾರ್ಡಿನ ಜಾಗದಲ್ಲಿ ಯಾರನ್ನು ನಿಲ್ಲಿಸುದು? ಸೈನ್ಯವನ್ನು ಕರೀಲಿಕ್ಕೆ ನಮ್ಮ ಕಾನೂನಲ್ಲಿ ದಾರಿ ಉಂಟು, ಆದ್ರೆ ಅದು ಬೇರೆ ಯಾವುದರಿಂದಲೂ ಗುಂಪು ಚದುರದಿದ್ರೆ ಮಾತ್ರ. ಟೆರಿಟೋರಿಯಲ್ ಆರ್ಮಿ 1949ರಿಂದ ಉಂಟು, ಅದ್ರಲ್ಲೂ ಬೇರೆ ಕೆಲಸ ಇದ್ದವರೇ ಸೇರುದು, ಆದ್ರೆ ಅದು ಸೈನ್ಯದ್ದೇ ಭಾಗ. ನಮ್ಮ ಗಲ್ಲಿಯಲ್ಲೇ ಇರುವವರು ಅಂದ್ರೆ ಗೃಹರಕ್ಷಕರು, ಹೋಮ್‌ಗಾರ್ಡ್. ಈ ದಳ ಮೊದ್ಲು ಹುಟ್ಟಿದ್ದು 1946ರ ಡಿಸೆಂಬರಲ್ಲಿ ಬೊಂಬಾಯಿಯಲ್ಲಿ, ಕೋಮುಗಲಭೆ ತಡೀಲಿಕ್ಕೆ ಅಂತ್ಲೇ. ಇದು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ, ಯಾಕಂದ್ರೆ ನನ್ನ ಚಿಕ್ಕಪ್ಪ ಹನ್ನೆರಡು ವರ್ಷದಿಂದ ಹೋಮ್‌ಗಾರ್ಡ್, ನಾವು ಮನೆಯಲ್ಲಿ ಅದನ್ನು ಒಂದು ಕೆಲಸ ಅಂತ ಲೆಕ್ಕಕ್ಕೇ ತಗೊಂಡಿರ್ಲಿಲ್ಲ.

ಚಿಕ್ಕಪ್ಪ ಹಗಲು ಪ್ರಿಂಟಿಂಗ್ ಪ್ರೆಸ್ಸಲ್ಲಿ. ಮಳೆಗಾಲದಲ್ಲಿ ಪಣಂಬೂರು, ತಣ್ಣೀರುಬಾವಿ ಬೀಚಲ್ಲಿ ಡ್ಯೂಟಿ, ಕೆಂಪು ಬಾವುಟ ಹಾಕಿದ್ರೂ ಘಟ್ಟದ ಮೇಲಿಂದ ಬಂದ ಹುಡುಗರು ನೀರಿಗೆ ಇಳೀತಾರೆ, ಇವರು ಸೀಟಿ ಊದಿ ಊದಿ ಗಂಟಲು ಹೋಗಿ ಮನೆಗೆ ಬರ್ತಾರೆ. ಮೇ ತಿಂಗಳ ಆ ದಿನಗಳಲ್ಲಿ ಅವರನ್ನು ನಮ್ಮದೇ ಊರಿನ ಒಂದು ಜಂಕ್ಷನ್ನಲ್ಲಿ ಹಾಕಿದ್ರು. ಒಂದು ರಾತ್ರಿ ಐದಾರು ಹುಡುಗರು ಬೈಕಲ್ಲಿ ಬಂದು ನಿಂತಾಗ ಚಿಕ್ಕಪ್ಪ ಒಬ್ಬೊಬ್ಬನನ್ನೂ ಹೆಸರು ಹಿಡಿದು ಕರೆದು, ತುಳುವಿನಲ್ಲಿ, ನಿನ್ನ ಅಪ್ಪನಿಗೆ ಈಗಲೇ ಫೋನ್ ಮಾಡ್ತೇನೆ ಅಂದ್ರಂತೆ. ಹೋದ್ರು. ಹೊರಗಿಂದ ಬಂದ ಯಾವ ಪಡೆಗೂ ಇದು ಆಗುವ ಕೆಲಸ ಅಲ್ಲ.

2025ರ ಜೂನಲ್ಲಿ ನಮ್ಮ ಸರ್ಕಾರ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗಕ್ಕೆ ಅಂತ ವಿಶೇಷ ಕಾರ್ಯಪಡೆ ಶುರು ಮಾಡಿತು, 248 ಜನ, ನಕ್ಸಲ್ ನಿಗ್ರಹ ಪಡೆಯಿಂದ ತಂದದ್ದು. ದ್ವೇಷ ಭಾಷಣ, ಕೋಮು ಗಲಾಟೆ ನೋಡುವ ಟ್ರೈನ್ಡ್ ಜನ ಬೇಕು, ಅದು ನಾನು ಒಪ್ತೇನೆ. ಆದ್ರೆ ಅದ್ರ ಜೊತೆ ಹೋಮ್‌ಗಾರ್ಡುಗಳಿಗೂ ಸರಿಯಾದ ಟ್ರೈನಿಂಗ್ ಕೊಡಿ, ವಾಕಿಟಾಕಿ ಕೊಡಿ, ಒಳ್ಳೇ ರೇನ್‌ಕೋಟ್ ಕೊಡಿ, ಬಂದೋಬಸ್ತಿನ ಅರ್ಧ ಅವರಿಗೆ ವಹಿಸಿ ಪೊಲೀಸರನ್ನು ಸ್ಟೇಷನ್ನಿಗೆ, ಬೀಟಿಗೆ, ತನಿಖೆಗೆ ವಾಪಸ್ ಕಳಿಸಿ. ಸಂಬಳದ ವಿಷಯ ಹೇಳ್ಲೇಬೇಕು. ಹೋಮ್‌ಗಾರ್ಡಿಗೆ ಡ್ಯೂಟಿ ಮಾಡಿದ ದಿನಕ್ಕೆ ಸಿಗುವ ಭತ್ಯೆ 30 ದಿನದ್ದು ಕೂಡಿಸಿದ್ರೆ ಪೊಲೀಸಿನ ಕನಿಷ್ಠ ಸಂಬಳಕ್ಕೆ ಸಮ ಆಗ್ಬೇಕು ಅಂತ ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಆದ್ರೆ ತಿಂಗಳಿಗೆ ಎಷ್ಟು ದಿನ ಡ್ಯೂಟಿ ಸಿಗ್ತದೆ ಅಂತ ಗ್ಯಾರಂಟಿ ಇಲ್ಲದಿದ್ರೆ ಯಾವ ಹುಡುಗ ಬರ್ತಾನೆ? ಚಿಕ್ಕಪ್ಪನ ಬ್ಯಾಚಿನವರು ಸುಮಾರು ಜನ ಬಿಟ್ಟು ಗಲ್ಫಿಗೆ ಹೋದ್ರು.

ಮೊನ್ನೆ ನಾನು ಚಿಕ್ಕಪ್ಪನ ಹತ್ರ, ನಾನು ಸೇರಿದ್ರೆ ತಗೊಳ್ತಾರಾ ಅಂತ ಕೇಳಿದೆ. ಅವರು ಎಂತದೂ ಹೇಳದೆ ನನ್ನ ಮಾರ್ಕ್ಸ್‌ಕಾರ್ಡ್ ಎಲ್ಲುಂಟು, ಕಣ್ಣು ಸರಿ ಉಂಟಾ, ಓಡ್ಲಿಕ್ಕೆ ಆಗ್ತದಾ ಅಂತ ಕೇಳ್ಲಿಕ್ಕೆ ಶುರು ಮಾಡಿದ್ರು. ಸೋಮವಾರ ಬೆಳಿಗ್ಗೆ ಮೇರಿಹಿಲ್ಲಿನ ಹೋಮ್‌ಗಾರ್ಡ್ ಆಫೀಸಿಗೆ ಒಟ್ಟಿಗೆ ಹೋಗ್ವ, ಅರ್ಜಿ ಅಲ್ಲೇ ಕೇಳುವ ಅಂದಿದ್ದಾರೆ.