ದಾರಿಯಲ್ಲೇ ಇದ್ದೀನಿ

ಆವತ್ತು ಮಧ್ಯಾಹ್ನ ಒಂದೂವರೆಗೆ ನಾನು ಬಳ್ಳಾರಿ ಪಕ್ಕದ ಹಳ್ಳಿ ಸಂಗನಕಲ್ಲಿನ ಒಂದು ಮನೆಯ ಪಡಸಾಲೆಯಲ್ಲಿ ನಿಂತಿದ್ದೆ. ಎದುರಿಗೆ ಎರಡು ಸಾವಿರ ಜೋಳದ ರೊಟ್ಟಿ. ಹೊರಗೆ ನನ್ನ ಟಾಟಾ ಏಸ್. ಕಿಸೆಯಲ್ಲಿ ಫೋನ್ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಬಳ್ಳಾರಿಯ ಜೀನ್ಸ್ ಸಾವ್ಕಾರ್ರು, ನನ್ನ ಮೊದಲ ದೊಡ್ಡ ಗಿರಾಕಿ, ಮೂರನೇ ಸಲ ಫೋನ್ ಮಾಡುತ್ತಿದ್ದರು. ಅವರ 600 ಪ್ಯಾಂಟು ಎರಡು ಗಂಟೆಗೆ ವಾಷಿಂಗ್ ಯೂನಿಟ್ ಬಾಗಿಲಲ್ಲಿ ಇರಬೇಕಿತ್ತು. ನನ್ನ ಹತ್ತಿರ ಇದ್ದದ್ದು ಒಂದೇ ಗಾಡಿ.

ಫೋನ್ ಎತ್ತಿ, "ಬಂದೆ ಸಾವ್ಕಾರ್ರೆ, ದಾರಿಯಲ್ಲೇ ಇದ್ದೀನಿ" ಅಂದೆ.

ಈ ಕೆಲಸದಲ್ಲಿರುವ ಪ್ರತಿಯೊಬ್ಬನೂ ದಿನಕ್ಕೆ ಹತ್ತು ಸಲ ಹೇಳುವ ಮಾತು ಇದು. ನಾನು ಅದನ್ನು ಸುಳ್ಳು ಅಂತ ಅಂದುಕೊಂಡಿರಲೇ ಇಲ್ಲ.

ಡೆಲಿವರಿ ಕೆಲಸಕ್ಕೆ ನಾನು ಇಳಿದದ್ದು 2016ರಲ್ಲಿ. ಆನ್‌ಲೈನ್ ಕಂಪನಿಯೊಂದರ ಪಾರ್ಸಲ್ ಹಂಚುವ ಹುಡುಗರಲ್ಲಿ ಒಬ್ಬ. ಬೈಕ್ ನಮ್ಮದು, ಪೆಟ್ರೋಲ್ ನಮ್ಮದು, ಮುಟ್ಟಿಸಿದ ಪಾರ್ಸಲ್‌ಗೆ ಇಷ್ಟು ಅಂತ ದುಡ್ಡು. ಮನೆಯವರು ಬೇಡ ಅಂದರೆ ಪಾರ್ಸಲ್ ವಾಪಸ್, ನಮ್ಮ ಓಡಾಟಕ್ಕೆ ಏನೂ ಇಲ್ಲ. ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಪಾರ್ಸಲ್‌ಗಳಲ್ಲಿ ಹಾಗೆ ವಾಪಸ್ ಬರುವುದೇ ಜಾಸ್ತಿ. ಆದರೂ ಆ ಮೂರು ವರ್ಷಕ್ಕೆ ನಾನು ಋಣಿ. ನಮ್ಮ ಊರಲ್ಲಿ ಮನೆ ನಂಬರ್ ಹಿಡಿದು ಹೋದರೆ ಯಾರ ಮನೆಯೂ ಸಿಗುವುದಿಲ್ಲ. ಗುಡಿ ಹಿಂದೆ, ಬೋರ್‌ವೆಲ್ ಎದುರು, ಬೇವಿನ ಮರದ ಪಕ್ಕದ ಸಂದಿ, ಅಲ್ಲಿ ಬಂದು ಫೋನ್ ಮಾಡಿ, ಹೀಗೆ ಇರುತ್ತವೆ ವಿಳಾಸಗಳು. ಕೌಲ್ ಬಜಾರ್, ಬ್ರೂಸ್‌ಪೇಟೆ, ಸತ್ಯನಾರಾಯಣಪೇಟೆ, ಗಾಂಧಿನಗರ, ಎಲ್ಲಾ ಸಂದಿಗೊಂದಿ ನನ್ನ ಕಾಲಿಗೆ ಗೊತ್ತಾದವು. ಸುಧಾ ಕ್ರಾಸ್ ಗೇಟ್ ಬಿದ್ದರೆ ಉದ್ದನೆಯ ಗೂಡ್ಸ್ ರೈಲು ಹೋಗುವ ತನಕ ಎಷ್ಟು ಹೊತ್ತು ನಿಲ್ಲಬೇಕು, ಬಿಟ್ಟು ಸುತ್ತಿ ಹೋದರೆ ಲಾಭವೋ ನಷ್ಟವೋ, ಅದೂ ಗೊತ್ತಾಯಿತು.

ಕೌಲ್ ಬಜಾರ್‌ನಲ್ಲಿ ಓಡಾಡುವಾಗಲೇ ಜೀನ್ಸ್ ಕಣ್ಣಿಗೆ ಬಿತ್ತು. ಬ್ರಿಟಿಷರ ಕಾಲದಲ್ಲಿ ಬಳ್ಳಾರಿಯಲ್ಲಿ ದಂಡು ಇತ್ತು, ಸಿಪಾಯಿಗಳ ಬಟ್ಟೆ ಹೊಲಿಯಲು ಬಂದ ದರ್ಜಿ ಮನೆತನಗಳು ಇಲ್ಲೇ ನಿಂತವು, ಆ ಕಸುಬೇ ಮುಂದೆ ಜೀನ್ಸ್ ಆಯಿತು ಅಂತ ಹಳಬರು ಹೇಳುತ್ತಾರೆ. ಹೊರಗಿನವರು ಜೀನ್ಸ್ ಫ್ಯಾಕ್ಟರಿ ಅಂದರೆ ಒಂದು ದೊಡ್ಡ ಕಟ್ಟಡ ಅಂದುಕೊಳ್ಳುತ್ತಾರೆ. ಇಲ್ಲಿ ಹಾಗಲ್ಲ. ಕಟಿಂಗ್ ಒಂದು ಕಡೆ ಆಗುತ್ತದೆ. ಕತ್ತರಿಸಿದ ಬಟ್ಟೆಯನ್ನು ಗಂಟು ಕಟ್ಟಿ ಹೊಲಿಗೆಗೆ ಇನ್ನೊಂದು ಕಡೆ ಕಳಿಸುತ್ತಾರೆ, ಎಷ್ಟೋ ಸಲ ಅದು ಯಾರದೋ ಮನೆಯ ಮಹಡಿಯಲ್ಲಿ ಹಾಕಿದ ಐದಾರು ಮಿಷನ್. ಅಲ್ಲಿಂದ ವಾಷಿಂಗ್, ಅಂದರೆ ಮಿಷನ್‌ನಲ್ಲಿ ಕೆಮಿಕಲ್ ಹಾಕಿ ತೊಳೆದು ಬಣ್ಣ ತರುವುದು. ಅಲ್ಲಿಂದ ಗುಂಡಿ, ಇಸ್ತ್ರಿ, ಲೇಬಲ್, ಪ್ಯಾಕಿಂಗ್. ಒಂದು ಪ್ಯಾಂಟು ಅಂಗಡಿ ನೋಡುವ ಮೊದಲು ಬಳ್ಳಾರಿಯೊಳಗೇ ನಾಲ್ಕೈದು ಸಲ ಗಾಡಿ ಹತ್ತಿ ಇಳಿಯುತ್ತದೆ. ಇದು ತಲೆಗೆ ಹೊಳೆದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮನೆಮನೆಗೆ ಒಂದೊಂದು ಪಾರ್ಸಲ್ ಕೊಡುವುದಕ್ಕಿಂತ ಈ ಗಂಟುಗಳನ್ನು ಹೊರುವುದರಲ್ಲೇ ನನ್ನ ಅನ್ನ ಇದೆ ಅನ್ನಿಸಿತು. 2019ರಲ್ಲಿ ಹೆಂಡತಿಯ ಬಂಗಾರ ಬ್ಯಾಂಕಿನಲ್ಲಿಟ್ಟು ಸೆಕೆಂಡ್ ಹ್ಯಾಂಡ್ ಟಾಟಾ ಏಸ್ ತೆಗೆದುಕೊಂಡೆ. ಸಾವ್ಕಾರ್ರು ಮೊದಲ ಲಾಟ್ ಕೊಟ್ಟರು. ಚಲನ್ ಬರೆದು ನನ್ನ ಕೈಗೆ ಕೊಟ್ಟು, "ಪೀಸ್ ಎಣಿಸಿ ಹಾಕ್ಕೋ, ಎಣಿಸಿ ಇಳಿಸು" ಅಂದರು. ಅದು ಬಿಟ್ಟು ಬೇರೆ ಏನೂ ಹೇಳಲಿಲ್ಲ.

ರೊಟ್ಟಿ ಬಂದದ್ದು ಲಾಕ್‌ಡೌನ್‌ನಿಂದ. 2020ರ ಮಾರ್ಚ್ ಕೊನೆಗೆ ಜೀನ್ಸ್ ಕೆಲಸ ಪೂರ್ತಿ ನಿಂತಿತು. ಪಾಸ್ ಮಾಡಿಸಿಕೊಂಡು ಕಿರಾಣಿ, ಔಷಧಿ ಹಂಚಲು ಶುರುಮಾಡಿದೆ. ಸಂಗನಕಲ್ಲಿಗೆ ಕಿರಾಣಿ ಇಳಿಸಿ ಖಾಲಿ ಗಾಡಿ ತರುತ್ತಿದ್ದೆ. ಬಾಡಿಗೆ ಓಡಿಸುವವನಿಗೆ ಖಾಲಿ ಗಾಡಿಯಷ್ಟು ಬೇಜಾರು ಬೇರೆ ಇಲ್ಲ, ಡೀಸೆಲ್ ಸುಡುತ್ತದೆ, ದುಡ್ಡು ಹುಟ್ಟುವುದಿಲ್ಲ. ಅಲ್ಲಿ ಒಬ್ಬರು ದೊಡ್ಡಮ್ಮ ಇದ್ದಾರೆ, ಸಂಬಂಧದಲ್ಲಿ ಅಲ್ಲ, ನಾನು ಹಾಗೆ ಕರೆಯುತ್ತೇನೆ. ಓಣಿಯ ಹೆಂಗಸರನ್ನು ಕೂಡಿಸಿಕೊಂಡು ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಿದ್ದರು. ಖಾನಾವಳಿ ಬಾಗಿಲು ಹಾಕಿತ್ತು. "ಪ್ಯಾಟ್ಯಾಗ ಯಾರರ ತಗೊಂತಾರೇನು ನೋಡು ತಮ್ಮಾ" ಅಂತ ಒಂದು ದಿನ ನೂರು ರೊಟ್ಟಿ ಗಾಡಿಗೆ ಹಾಕಿದರು. ಸಂಜೆಯೊಳಗೆ ಖಾಲಿ. ಆಮೇಲೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯೂ ಸೇರಿದವು. ಆಹಾರ ಸುರಕ್ಷತೆಯ (FSSAI) ನೋಂದಣಿ ಮಾಡಿಸಿದೆ, ಸಣ್ಣ ವಹಿವಾಟಿಗೆ ಆಗ ವರ್ಷಕ್ಕೆ 100 ರೂಪಾಯಿ ಫೀ, ಅಷ್ಟೇ. ಇದಕ್ಕೆ ಹೆದರಿಕೊಂಡು ಎಷ್ಟೋ ಜನ ಮನೆಯಲ್ಲೇ ಉಳಿದುಬಿಡುತ್ತಾರೆ ಅಂತ ಹೇಳುತ್ತಿದ್ದೇನೆ.

ಸಂಗನಕಲ್ಲಿನ ಗುಡ್ಡದ ಬಗ್ಗೆ ಒಂದು ಮಾತು. ನಾಲ್ಕು ಸಾವಿರ ವರ್ಷಗಳ ಹಿಂದೆ ಅಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿ ಮಾಡುತ್ತಿದ್ದರು, ಒಂದು ಎರಡಲ್ಲ, ಕಾರ್ಖಾನೆಯ ಹಾಗೆ. ಬಳ್ಳಾರಿಯ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಅಷ್ಟು ಕೊಡಲಿ ಒಂದೇ ಊರಿಗೆ ಬೇಕಾಗಿರಲಿಕ್ಕಿಲ್ಲ. ಯಾರೋ ಹೊತ್ತು ಬೇರೆ ಊರಿಗೆ ಮುಟ್ಟಿಸಿರಬೇಕು, ಅಲ್ವಾ? ಆ ದಾರಿಯಲ್ಲಿ ಗಾಡಿ ಓಡಿಸುವಾಗ ನನಗೆ ಆ ಮನುಷ್ಯನ ನೆನಪು ಬರುತ್ತದೆ.

ಸರಿ, ಆವತ್ತಿನ ವಿಷಯ. 2022ರ ಶ್ರಾವಣ. ಬೆಂಗಳೂರಿನಲ್ಲಿ ಮನೆ ಕಟ್ಟಿದ ನಮ್ಮ ಊರಿನವರು ಗೃಹಪ್ರವೇಶಕ್ಕೆ ಎರಡು ಸಾವಿರ ಖಡಕ್ ರೊಟ್ಟಿ ಹೇಳಿದ್ದರು. ನನಗೆ ಅಲ್ಲಿಯ ತನಕ ಬಂದ ಅತಿ ದೊಡ್ಡ ರೊಟ್ಟಿ ಆರ್ಡರ್. ಅವರ ಮಂದಿ ಕೂತ ವ್ಯಾನ್ ಮೂರೂವರೆಗೆ ರಾಯಲ್ ಸರ್ಕಲ್ ಬಿಡುತ್ತಿತ್ತು, ರೊಟ್ಟಿ ಅದರಲ್ಲೇ ಹೋಗಬೇಕು. ನನ್ನ ಲೆಕ್ಕ ಹೀಗಿತ್ತು: ಹನ್ನೆರಡೂವರೆಗೆ ಸಂಗನಕಲ್ಲು, ಒಂದಕ್ಕೆ ವಾಪಸ್, ರೊಟ್ಟಿ ಇಳಿಸಿ ಎರಡಕ್ಕೆ ಜೀನ್ಸ್ ಲಾಟ್. ಕಾಗದದ ಮೇಲೆ ಎಲ್ಲಾ ಸರಿ ಇತ್ತು.

ಆದರೆ ಆ ವಾರ ಮೋಡ ಮುಚ್ಚಿಕೊಂಡು ಜಿಟಿ ಜಿಟಿ ಮಳೆ ಹಿಡಿದಿತ್ತು. ಬಳ್ಳಾರಿ ಬಿಸಿಲಿಗೆ ಒಗ್ಗಿದ ಕಸುಬು ಇದು. ಹಂಚಿನಿಂದ ತೆಗೆದ ರೊಟ್ಟಿ ಪೂರ್ತಿ ಆರಿ ಒಣಗಿ, ಬೆರಳಿನಿಂದ ತಟ್ಟಿದರೆ ಟಕ್ ಅನ್ನಬೇಕು. ಹಾಗೆ ಒಣಗಿದ್ದು ತಿಂಗಳುಗಟ್ಟಲೆ ಇರುತ್ತದೆ. ಸ್ವಲ್ಪ ಪಸೆ ಉಳಿದಾಗಲೇ ಕಟ್ಟಿದರೆ ಒಳಗೇ ಬೆವತು ಮೆತ್ತಗಾಗುತ್ತದೆ, ಬೂಷ್ಟು ಹಿಡಿಯುತ್ತದೆ. ನಾನು ಹೋದಾಗ ಅರ್ಧ ರೊಟ್ಟಿ ಟಕ್ ಅನ್ನುತ್ತಿರಲಿಲ್ಲ.

"ದೊಡ್ಡಮ್ಮ, ಕಟ್ಟಿಬಿಡ್ರಿ, ಟೈಮ್ ಇಲ್ಲ" ಅಂದೆ.

"ಆಗಂಗಿಲ್ಲ ತಮ್ಮಾ. ಇನ್ನೂ ಮೆತ್ತಗ ಐತಿ."

"ನಾಳೆನೇ ತಿಂತಾರ್ರಿ. ಏನೂ ಆಗಲ್ಲ."

"ನಾಳೆನೇ ತಿಂತಾರಂತ ನಿನಗ ಹೇಳ್ಯಾರೇನು? ಉಳಿದಿದ್ದು ಎಂಟು ದಿನ ಬಿಟ್ಟು ತೆಗದ್ರ ಬೂಷ್ಟು ಕಂಡು ಯಾರನ್ನ ಬೈತಾರ? ಒಲಿ ಮುಂದ ಇಟ್ಟು ಒಣಗಿಸಿ ಕೊಡ್ತೀವಿ. ತಡ ಆಗತೈತಿ ಅಂತ ಅವರಿಗೆ ಈಗ ಫೋನ್ ಹಚ್ಚಿ ಹೇಳು."

ನಾನು ಹಚ್ಚಲಿಲ್ಲ. ಸಿಟ್ಟು ಬಂದಿತ್ತು. ಗಾಡಿ ನನ್ನದು, ಆರ್ಡರ್ ತಂದವನು ನಾನು, ಇವರು ಯಾಕೆ ಕೇಳುತ್ತಿಲ್ಲ ಅಂತ. ಎಂಟು ಜನ ಹೆಂಗಸರು ಮೂರು ಒಲೆಯ ಸುತ್ತ ರೊಟ್ಟಿ ನಿಲ್ಲಿಸಿ, ತಿರುವಿ, ಒಂದೊಂದನ್ನೇ ತಟ್ಟಿ ನೋಡಿ ಬೇರೆ ಇಡುತ್ತಿದ್ದರು. ನಾನು ಹೊಸ್ತಿಲಲ್ಲಿ ನಿಂತು ಸಾವ್ಕಾರ್ರಿಗೆ ದಾರಿಯಲ್ಲೇ ಇದ್ದೀನಿ ಅಂತ ಹೇಳುತ್ತಿದ್ದೆ. ಒಂದೂವರೆಗೆ ಒಂದು ಸಲ, ಎರಡಕ್ಕೆ ಹತ್ತು ನಿಮಿಷ ಇರುವಾಗ ಇನ್ನೊಂದು ಸಲ. ಎರಡನೇ ಸಲ ಹೇಳುವಾಗ ದೊಡ್ಡಮ್ಮ ತಲೆ ಎತ್ತಿ ನನ್ನ ಮುಖ ನೋಡಿದರು. ಏನೂ ಅನ್ನಲಿಲ್ಲ.

ಎರಡು ಗಂಟೆಗೆ ಧೈರ್ಯ ಸಾಲದೆ, ಪರಿಚಯದ ಗೂಡ್ಸ್ ಆಟೋದವನಿಗೆ ಫೋನ್ ಮಾಡಿ ಸಾವ್ಕಾರ್ರ ಬಾಗಿಲಿಗೆ ಕಳಿಸಿದೆ. ಐವತ್ತೈವತ್ತು ಪೀಸಿನ ಹನ್ನೆರಡು ಗಂಟು. ಆಟೋದಲ್ಲಿ ಹಿಡಿದದ್ದು ಏಳೇ. ಉಳಿದ ಐದು ನಾನು ಬಂದು ಒಯ್ಯುತ್ತೇನೆ ಅಂದೆ. ರೊಟ್ಟಿ ಮೂರಕ್ಕೆ ಎದ್ದಿತು, ಮೂರೂವರೆಗೆ ವ್ಯಾನ್ ಹತ್ತಿತು. ಐದು ಗಂಟು ವಾಷಿಂಗ್ ಯೂನಿಟ್ ಮುಟ್ಟಿದ್ದು ನಾಲ್ಕೂ ಮುಕ್ಕಾಲಿಗೆ. ಅಷ್ಟೊತ್ತಿಗೆ ಅಲ್ಲಿ ಬೇರೆಯವರ ಮಾಲು ಮಿಷನ್‌ಗೆ ಬಿದ್ದಿತ್ತು. ನಮ್ಮ 250 ಪೀಸ್ ಮರುದಿನಕ್ಕೆ ಹೋಯಿತು.

ಜೀನ್ಸ್ ಗೊತ್ತಿಲ್ಲದವರಿಗೆ ಇದರಲ್ಲಿ ಏನು ತಪ್ಪು ಅನ್ನಿಸಬಹುದು. ಒಂದು ಲಾಟ್ ಅಂದರೆ ಒಂದೇ ದಿನ, ಒಂದೇ ಅಳತೆಯ ಕೆಮಿಕಲ್‌ನಲ್ಲಿ, ಅಷ್ಟೇ ಹೊತ್ತು ತಿರುಗಬೇಕು. ದಿನ ಬದಲಾದರೆ ಬಣ್ಣದಲ್ಲಿ ಒಂದು ಎಳೆ ವ್ಯತ್ಯಾಸ ಬರುತ್ತದೆ. ಒಂದೊಂದೇ ಪ್ಯಾಂಟು ನೋಡಿದರೆ ಗೊತ್ತಾಗುವುದಿಲ್ಲ, ಅಟ್ಟಿ ಹಾಕಿ ಪಕ್ಕದಲ್ಲಿಟ್ಟರೆ ಕುರುಡನಿಗೂ ಕಾಣುತ್ತದೆ. ಶೇಡ್ ಮಿಸ್ ಅನ್ನುತ್ತಾರೆ. ಮಾಲು ತೆಗೆದುಕೊಳ್ಳುವ ಹೊರಊರಿನ ಡೀಲರ್ 350 ಪೀಸ್ ಇಟ್ಟುಕೊಂಡು 250 ವಾಪಸ್ ಮಾಡಿದರು.

ನಾನು ಸಾವ್ಕಾರ್ರ ಅಂಗಡಿಗೆ ಹೋದಾಗ ಅವರು ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ. ಚಹಾ ತರಿಸಿದರು. "ಗಾಡಿ ತಡ ಆಗೋದು ಎಲ್ಲರಿಗೂ ಆಗತ್ತೆ. ಒಂದೂವರೆಗೇ ಆಗಲ್ಲ ಅಂದಿದ್ರೆ ನಾನು ಬೇರೆ ಗಾಡಿ ತರಿಸ್ತಿದ್ದೆ, ಲಾಟ್ ಒಡೀತಿರಲಿಲ್ಲ. ನೀನು ದಾರಿಯಲ್ಲಿದ್ದೀನಿ ಅಂದೆ, ನಾನು ನಂಬಿ ಕೂತೆ" ಅಂದರು. ಚಹಾ ಗಂಟಲಿನಿಂದ ಇಳಿಯಲಿಲ್ಲ. ದೊಡ್ಡಮ್ಮ ಆವತ್ತು ನನಗೆ ಮುಖಕ್ಕೆ ಮುಖ ಕೊಟ್ಟು ಆಗಂಗಿಲ್ಲ ಅಂದಿದ್ದರು. ಅವರಿಗೆ ಬರುವ ಮಾತು ನನ್ನ ಬಾಯಿಗೆ ಯಾಕೆ ಬರಲಿಲ್ಲ?

ಆ 250 ಪ್ಯಾಂಟು ನಾನೇ ಅಸಲು ಬೆಲೆಗೆ ತೆಗೆದುಕೊಂಡೆ. ಅವರು ಬೇಡ ಅಂದರು, ನಾನು ಬಿಡಲಿಲ್ಲ. ದುಡ್ಡು ಒಮ್ಮೆಲೇ ಇರಲಿಲ್ಲ, ಆರು ತಿಂಗಳು ಬಾಡಿಗೆಯಲ್ಲಿ ಮುರಿದುಕೊಂಡರು. ನೂರಕ್ಕೂ ಹೆಚ್ಚು ಪೀಸ್ ಭಾನುವಾರ ಗಾಡಿ ಹಿಂದೆ ಇಟ್ಟುಕೊಂಡು ಮಾರಿದೆ. ಉಳಿದವು ಮನೆಯಲ್ಲಿ ಬಿದ್ದಿದ್ದವು. ಅದೇ ಹೊತ್ತಿಗೆ ನನ್ನ ಇನ್ನೊಂದು ತಲೆನೋವು ರೊಟ್ಟಿ ಮುರಿಯುವುದು. ಪಾರ್ಸಲ್ ಬಾಕ್ಸ್‌ನಲ್ಲಿ ಸಂದು ಇದ್ದರೆ ರೊಟ್ಟಿ ಅಲುಗಾಡಿ ಅಂಚು ಮುರಿಯುತ್ತದೆ, ಬಸ್ಸಿನಲ್ಲಿ ಹೋದದ್ದು ಚೂರಾಗಿ ಮುಟ್ಟುತ್ತಿತ್ತು. ಒಂದು ರಾತ್ರಿ ನನ್ನ ಹೆಂಡತಿ ಆ ಪ್ಯಾಂಟಿನ ಕಾಲು ಕತ್ತರಿಸಿ, ಎರಡು ಕಾಲು ಜೋಡಿಸಿ ದುಂಡನೆಯ ಚೀಲ ಹೊಲಿದಳು. ಪ್ಲಾಸ್ಟಿಕ್ ಕವರ್‌ನಲ್ಲಿ ಬಿಗಿಯಾಗಿ ಕಟ್ಟಿದ 25 ರೊಟ್ಟಿ ಅದರೊಳಗೆ ಸರಿಯಾಗಿ ಕೂತವು. ದಪ್ಪ ಬಟ್ಟೆ, ಒತ್ತಿ ಹಿಡಿಯುತ್ತದೆ. ಬಾಕ್ಸ್ ಎತ್ತಿ ಕೆಳಗೆ ಬಿಟ್ಟು ನೋಡಿದೆವು. ಒಂದು ರೊಟ್ಟಿಯ ಅಂಚು ಹೋಯಿತು, ಉಳಿದ 24 ಹಾಗೇ ಇದ್ದವು. ಆ ರಾತ್ರಿ ನಾವಿಬ್ಬರೂ ಅದೇ ಮುರಿದ ರೊಟ್ಟಿ ತಿಂದೆವು.

ಈಗ ರೊಟ್ಟಿ ಬೇಡದಿದ್ದರೂ ಚೀಲ ಕೊಡಿ ಅಂತ ಕೇಳುವವರಿದ್ದಾರೆ. ಕಟಿಂಗ್‌ನಲ್ಲಿ ಉಳಿದ ತುಂಡು ಬಟ್ಟೆ, ಶೇಡ್ ಮಿಸ್ ಆದ ಪ್ಯಾಂಟು ತೆಗೆದುಕೊಂಡು ಸಂಗನಕಲ್ಲಿನಲ್ಲೇ ಇಬ್ಬರು ಹುಡುಗಿಯರು ಹೊಲಿಯುತ್ತಾರೆ. ಎರಡನೇ ಗಾಡಿ ಬಂದಿದೆ. ಬೈಕಿನಲ್ಲಿ ನಾಲ್ಕು ಹುಡುಗರಿದ್ದಾರೆ. ರೊಟ್ಟಿಗೆ ಸೋಮವಾರ, ಗುರುವಾರ ಅಂತ ದಿನ ಕಟ್ಟಿದ್ದೇನೆ, ಮಳೆಗಾಲದಲ್ಲಿ ದೊಡ್ಡಮ್ಮನ ಮಾತು ಕೇಳದೆ ಆರ್ಡರ್ ಒಪ್ಪಿಕೊಳ್ಳುವುದಿಲ್ಲ. ಹೊಸ ಹುಡುಗ ಕೆಲಸಕ್ಕೆ ಸೇರಿದರೆ ಮೊದಲು ಕಲಿಸುವುದು ಫೋನ್‌ನಲ್ಲಿ ಮಾತಾಡುವುದನ್ನು. ಎಲ್ಲಿದ್ದೀಯೋ ಅದೇ ಹೇಳು. ಗೇಟ್ ಹತ್ತಿರ ಇದ್ದರೆ ಗೇಟ್ ಹತ್ತಿರ, ಮನೆಯಲ್ಲಿ ಊಟಕ್ಕೆ ಕೂತಿದ್ದರೆ ಊಟಕ್ಕೆ ಕೂತಿದ್ದೀನಿ ಅನ್ನು. ಗಿರಾಕಿ ಬೈದರೆ ನಾನು ಕೇಳಿಸಿಕೊಳ್ಳುತ್ತೇನೆ.

ಸಾವ್ಕಾರ್ರು ಸುಮಾರು ದಿನ ನನಗೆ ಸಣ್ಣ ಲಾಟ್ ಮಾತ್ರ ಕೊಟ್ಟರು, ನೂರು, ನೂರೈವತ್ತು ಪೀಸ್. ನಾನು ಯಾಕೆ ಅಂತ ಕೇಳಲಿಲ್ಲ. ಹೋದ ತಿಂಗಳು ಒಂದು ದಿನ ಎರಡೂ ಗಾಡಿ ಸಿಕ್ಕಿಹಾಕಿಕೊಂಡವು, ಒಂದು ಪಂಚರ್, ಇನ್ನೊಂದು ಗ್ಯಾರೇಜಿನಲ್ಲಿ. ಅವರ ಮಾಲು ಎರಡು ಗಂಟೆಗಿತ್ತು. ಹನ್ನೆರಡೂವರೆಗೇ ಫೋನ್ ಮಾಡಿ, "ಸಾವ್ಕಾರ್ರೆ, ಇವತ್ತು ಆಗಲ್ಲ, ಬೇರೆ ಗಾಡಿ ಹೇಳ್ರಿ" ಅಂದೆ. "ಹ್ಞೂಂ" ಅಂತ ಇಟ್ಟುಬಿಟ್ಟರು. ಇದೂ ಹೋಯಿತು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಅವರದೇ ಫೋನ್. "450 ಪೀಸ್ ಐತಿ, ಎರಡು ಗಂಟೆಗೆ. ಆಗತ್ತೋ ಇಲ್ಲೋ ಈಗಲೇ ಹೇಳು."

ಒಂದು ನಿಮಿಷ ಇರ್ರಿ ಅಂದು, ಹುಡುಗನಿಗೆ ಗಾಡಿ ಎಲ್ಲಿದೆ ಅಂತ ಕೇಳಿ, ಆಮೇಲೆ "ಆಗತ್ತೆ" ಅಂದೆ.