ತಂತಿ ಕೀಳುವ ಮೊದಲು ಪ್ಲಗ್ ಪಾಯಿಂಟ್ ನೋಡಿ

ಶಿರಸಿ ಸುತ್ತಮುತ್ತ ಲ್ಯಾಂಡ್‌ಲೈನನ್ನು ಫೈಬರ್‌ಗೆ ಬದಲಿಸುವ ಕೆಲಸ ನನ್ನದು. ನಂಬರ್ ಅದೇ, 08384 ಅದೇ, ಫೋನ್ ಸೆಟ್ಟೂ ಅದೇ. ತಾಮ್ರದ ತಂತಿ ಬಿಚ್ಚಿ, ಫೈಬರ್ ಬಂದು ಸೇರುವ ಪುಟ್ಟ ಪೆಟ್ಟಿಗೆ, ಅಂದರೆ ಓಎನ್‌ಟಿ ಕೂರಿಸಿ, ಅದರ ಫೋನ್ ಪೋರ್ಟಿಗೆ ಸೆಟ್ ಸಿಕ್ಕಿಸಬೇಕು. ಸಂಜೆಯೊಳಗೆ ಆರ್ಡರ್ ಕ್ಲೋಸ್ ಆಗಬೇಕು. ಆಫೀಸಿನವರು ಕೇಳುವುದು ಅಷ್ಟೇ.

ಕಳೆದ ಮಳೆಗಾಲದಲ್ಲಿ ಘಟ್ಟದ ಅಂಚಿನ ಒಂದು ತೋಟದ ಮನೆಗೆ ಹೋಗಿದ್ದೆ. ಅಜ್ಜ, ಅಜ್ಜಿ ಇಬ್ಬರೇ. ಮೊಬೈಲ್ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಅಜ್ಜನಿಗೆ ಜ್ವರ ಇತ್ತು, ಡಾಕ್ಟರಿಗೆ ಫೋನ್ ಮಾಡಲು ಅಜ್ಜಿ ಕಾಯುತ್ತಿದ್ದರು. ಓಎನ್‌ಟಿಯಲ್ಲಿ ಫೈಬರ್ ಸಂಪರ್ಕ ತೋರಿಸುವ ಪಾನ್ (PON) ಲೈಟ್ ಹಸಿರು ಬಂತು, ಡಯಲ್ ಟೋನ್ ಬಂತು. ಅಜ್ಜಿ ರಿಸೀವರ್ ಎತ್ತಿದರು. ಅಷ್ಟರಲ್ಲಿ ಕರೆಂಟ್ ಹೋಯಿತು.

“ಕರೆಂಟ್ ಹೋದ್ರೆ ಫೋನೂ ಹೋಗ್ತದಾ ತಮಾ? ಮೊದ್ಲು ಹಂಗೆ ಇರ್ಲಿಲ್ವಲ್ಲ?”

ಇರಲಿಲ್ಲ, ನಿಜ. ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ 48 ವೋಲ್ಟ್ ಬರುತ್ತಿತ್ತು. ಮನೆಯಲ್ಲಿ ಕತ್ತಲಾದರೂ ಫೋನ್ ನಡೆಯುತ್ತಿತ್ತು. ಫೈಬರಿನಲ್ಲಿ ಬರುವುದು ಬೆಳಕು ಮಾತ್ರ. ಅದನ್ನು ಮಾತಾಗಿ ಮಾಡುವ ಓಎನ್‌ಟಿಗೆ ಮನೆಯದೇ ಕರೆಂಟ್ ಬೇಕು.

ಅವರ ಮನೆಯಲ್ಲಿ ಇನ್ವರ್ಟರ್ ಇತ್ತು. ಆದರೆ ಜಗಲಿಯ ಪ್ಲಗ್ಗಿಗೆ ಅದರ ಲೈನ್ ಇರಲಿಲ್ಲ. ಅಡುಗೆಮನೆಯ ಪಾಯಿಂಟಿನಿಂದ ಎಕ್ಸ್‌ಟೆನ್ಶನ್ ಎಳೆದು ಅಡಾಪ್ಟರ್ ಹಾಕಿದೆ. ಓಎನ್‌ಟಿ ಮೊದಲಿಂದ ಶುರುವಾಗಬೇಕಲ್ಲ, ಪಾನ್ ಲೈಟ್ ಮಿನುಗುತ್ತಲೇ ಇತ್ತು. ಅಜ್ಜಿ ರಿಸೀವರ್ ಕಿವಿಯಿಂದ ತೆಗೆಯಲೇ ಇಲ್ಲ. ಒಳಗಿಂದ ಅಜ್ಜನ ಕೆಮ್ಮು ಕೇಳುತ್ತಿತ್ತು. ಪಾನ್ ಲೈಟ್ ಮಿನುಗುವುದು ಬಿಟ್ಟು ಹಸಿರಾಗಿ ನಿಂತಿತು, ಆದರೆ ಫೋನ್ ಲೈಟ್ ಇಲ್ಲ. ಆ ಎರಡು ಮೂರು ನಿಮಿಷ ನನಗೆ ಇಡೀ ಮಧ್ಯಾಹ್ನದಷ್ಟು ಉದ್ದವಾಯಿತು. ಕೊನೆಗೆ ನಂಬರ್ ರಿಜಿಸ್ಟರ್ ಆಗಿ ಟೋನ್ ಬಂತು.

ಅಜ್ಜಿ ಬಟನ್ ಒತ್ತಿದರೆ ಕಟಕಟ ಸದ್ದು, ಟೋನ್ ಮಾತ್ರ ನಿಲ್ಲಲಿಲ್ಲ. ಸೆಟ್ ತಿರುಗಿಸಿ ನೋಡಿದೆ. ತಳದ ಪುಟ್ಟ ಸ್ವಿಚ್ ‘ಪಿ’ ಕಡೆಗಿತ್ತು, ಅಂದರೆ ಪಲ್ಸ್. ಎಷ್ಟೋ ಓಎನ್‌ಟಿಗಳಿಗೆ ಪಲ್ಸ್ ಡಯಲಿಂಗ್ ಅರ್ಥವಾಗುವುದಿಲ್ಲ. ಉಗುರಿನಿಂದ ‘ಟಿ’ಗೆ, ಅಂದರೆ ಟೋನ್‌ಗೆ ತಳ್ಳಿದೆ. ಫೋನ್ ಹೋಯಿತು, ಡಾಕ್ಟರ್ ಸಿಕ್ಕರು.

ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ಇನ್ವರ್ಟರೂ ಕೈಕೊಡುತ್ತದೆ. ಆದ್ದರಿಂದ ಈಗ ಮನೆಗೆ ಹೋದ ಕೂಡಲೇ ಪ್ಲಗ್ ಪಾಯಿಂಟ್ ನೋಡುತ್ತೇನೆ, ಮೊಬೈಲ್ ಎಲ್ಲಿ ಸಿಗುತ್ತದೆ ಕೇಳುತ್ತೇನೆ. ಓಎನ್‌ಟಿಗೆ 12 ವೋಲ್ಟಿನ ಸಣ್ಣ ಯುಪಿಎಸ್ ತರಿಸಿಕೊಳ್ಳಿ ಎನ್ನುತ್ತೇನೆ, ಆದರೆ ಅಡಾಪ್ಟರಿನ ಮೇಲಿನ ವೋಲ್ಟ್, ಆಂಪಿಯರ್ ಓದಿಯೇ ತಗೊಳ್ಳಬೇಕು. ಅದು ಕೆಲವು ಗಂಟೆ ಎಳೆಯುತ್ತದೆ. ದಾರಿಯಲ್ಲಿ ಫೈಬರಿನ ಬೆಳಕನ್ನು ಮನೆಮನೆಗೆ ಹಂಚುವ ಸ್ಪ್ಲಿಟರಿಗೆ ಕರೆಂಟೇ ಬೇಡ. ಇನ್ನೊಂದು ಮಾತು, ಮನೆಯ ಹಳೆ ವೈರಿಂಗಿಗೆ ಓಎನ್‌ಟಿ ಜೋಡಿಸುವ ಮುಂಚೆ ಹೊರಗಿನ ತಾಮ್ರದ ಜೋಡಿ ಬಿಚ್ಚಿದೆಯಾ ನೋಡಿ. ಎಕ್ಸ್‌ಚೇಂಜಿನ ವೋಲ್ಟೇಜ್ ಬಂದರೆ ಪೋರ್ಟ್ ಸುಡಬಹುದು.

ಈ ಯುಪಿಎಸ್ಸನ್ನು ಕಂಪನಿಯೇ ಕೊಡಬೇಕು. ಎಲ್ಲರಿಗೂ ಬೇಡ, ಸಿಗ್ನಲ್ ಇಲ್ಲದ ಮನೆಗಳಿಗಾದರೂ. ಮೀಟಿಂಗಿನಲ್ಲಿ ಹೇಳಿದ್ದೇನೆ. “ಟಾರ್ಗೆಟ್ ಎಷ್ಟಾಯ್ತು?” ಅಂತ ಕೇಳಿದರು. ಕ್ಲೋಸಿಂಗ್ ಫಾರ್ಮಿನಲ್ಲಿ ಬ್ಯಾಕಪ್ ಬಗ್ಗೆ ಕಾಲಮ್ಮೇ ಇಲ್ಲ. ನಾನು ರಿಮಾರ್ಕ್ಸ್‌ನಲ್ಲಿ ಬರೆದೇ ಕಳಿಸುತ್ತೇನೆ.