ಮೊದಲು ಫೋನ್ ಕಿತ್ತುಕೊಳ್ಳಬೇಡಿ: ಮಕ್ಕಳ ಆನ್‌ಲೈನ್ ಕಿರುಕುಳ ಗೊತ್ತಾದ ಮೊದಲ ದಿನ

ಮಂಗಳೂರು, ಉಡುಪಿಯ ಹೈಸ್ಕೂಲು ಮತ್ತು ಪಿಯು ಕಾಲೇಜುಗಳಲ್ಲಿ ಆಪ್ತಸಮಾಲೋಚನೆಯ ಕೆಲಸ ಮಾಡುವ ನಮ್ಮ ಬಳಿ ಆನ್‌ಲೈನ್ ಕಿರುಕುಳದ ವಿಷಯ ಬರುವ ಹೊತ್ತಿಗೆ ಅದು ಹಳತಾಗಿರುತ್ತದೆ. ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಮತ್ತೆ ಮತ್ತೆ ಬರುವ ಉತ್ತರ ಒಂದೇ: ‘ಹೇಳಿದ್ರೆ ಮೊಬೈಲ್ ತೆಗೆದಿಡ್ತಾರೆ.’ ಫೋನ್ ಹೋದರೆ ಕ್ಲಾಸಿನ ಗ್ರೂಪು, ಟ್ಯೂಷನ್ ನೋಟ್ಸು, ಗೆಳತಿಯರ ಮಾತು ಎಲ್ಲವೂ ಹೋಯಿತು. ಕಾಟ ಕೊಟ್ಟವನ ಕೈಯಲ್ಲಿ ಫೋನ್ ಉಳಿಯುತ್ತದೆ, ಅನುಭವಿಸಿದವಳ ಕೈಯಿಂದ ಹೋಗುತ್ತದೆ. ಮಕ್ಕಳು ಈ ಲೆಕ್ಕವನ್ನು ಬಹಳ ಬೇಗ ಹಾಕುತ್ತಾರೆ. ಹಾಗಾಗಿ ತಡೆಯುವ ಕೆಲಸ ಶುರುವಾಗುವುದು ಏನೂ ಆಗದಿರುವಾಗಲೇ ಮನೆಯಲ್ಲಿ ಕೊಡುವ ಮಾತಿನಿಂದ: ‘ಯಾರಾದ್ರೂ ತೊಂದ್ರೆ ಕೊಟ್ರೆ ಹೇಳು ಮಗಾ, ಫೋನ್ ತೆಗೆಯುವುದಿಲ್ಲ.’ ಕೊಟ್ಟ ಮೇಲೆ ಆ ಮಾತು ಉಳಿಸಿಕೊಳ್ಳಬೇಕು.

ಕಿರುಕುಳ ಅಂದರೆ ಬೈಗುಳ ಎಂದು ದೊಡ್ಡವರು ತಿಳಿಯುತ್ತಾರೆ. ಅದಕ್ಕಿಂತ ಆಳಕ್ಕೆ ಇಳಿಯುವುದು ವಾಟ್ಸಾಪ್ ಸ್ಟಿಕ್ಕರ್. ಸ್ಕೂಲ್ ಡೇ ಗ್ರೂಪ್ ಫೋಟೋದಲ್ಲಿ ಕಣ್ಣು ಅರ್ಧ ಮುಚ್ಚಿ ಬಾಯಿ ತೆರೆದಿರುವ ಒಂದು ಮುಖವನ್ನು ಕತ್ತರಿಸಿ, ಕೆಳಗೊಂದು ತುಳು ಮಾತು ಹಾಕಿ ಕ್ಲಾಸಿನ ಗ್ರೂಪಿಗೆ ಬಿಡುತ್ತಾರೆ. ಬಿಟ್ಟವನು ‘ಡಿಲೀಟ್ ಫಾರ್ ಎವರಿವನ್’ ಒತ್ತಿದರೂ ಹೋಗುವುದು ಆ ಮೆಸೇಜು ಮಾತ್ರ. ಅಷ್ಟರೊಳಗೆ ಫೇವರಿಟ್‌ಗೆ ಸೇರಿಸಿಕೊಂಡವರ ಫೋನಿನಲ್ಲಿ ಸ್ಟಿಕ್ಕರ್ ಉಳಿದೇ ಇರುತ್ತದೆ. ಆಮೇಲೆ ಯಾರೋ ತಡವಾಗಿ ಬಂದದ್ದಕ್ಕೆ, ಇನ್ಯಾರಿಗೋ ಮಾರ್ಕು ಕಡಿಮೆಯಾದದ್ದಕ್ಕೆ, ಆ ಮಗುವಿಗೆ ಸಂಬಂಧವೇ ಇಲ್ಲದ ಮಾತಿಗೂ ಅದೇ ಮುಖ ಬರುತ್ತದೆ. ಒಬ್ಬೊಬ್ಬನೂ ಕಳಿಸಿದ್ದು ಒಂದೊಂದೇ ಸಲ, ಅದೂ ‘ಕುಸಾಲಿಗೆ’, ಅಂದರೆ ತಮಾಷೆಗೆ. ಮಗುವಿಗೆ ಅದು ದಿನವಿಡೀ ಬೀಳುವ ಪೆಟ್ಟು. ಮೊದಲು ಕಳಿಸಿದವನನ್ನು ಹಿಡಿದು ಶಿಕ್ಷಿಸಿದರೆ ಇದು ನಿಲ್ಲುವುದಿಲ್ಲ. ಕ್ಲಾಸ್ ಟೀಚರ್ ಮಗುವಿನ ಹೆಸರೆತ್ತದೆ, ಆ ಸ್ಟಿಕ್ಕರನ್ನು ಯಾರಿಗೂ ತೋರಿಸದೆ, ಸಹಪಾಠಿಗಳ ಮುಖ ಇರುವ ಸ್ಟಿಕ್ಕರುಗಳನ್ನೆಲ್ಲ ಈ ದಿನ ಸಂಜೆಯೊಳಗೆ ಫೇವರಿಟ್‌ನಿಂದ ತೆಗೆಯಿರಿ ಎಂದು ಇಡೀ ಕ್ಲಾಸಿಗೆ ಹೇಳಬೇಕು. ಮನೆಗೂ ಅದೇ ಸೂಚನೆ ಹೋಗಬೇಕು.

ಇನ್ನುಳಿದ ಬಗೆಗಳು ಎಲ್ಲರಿಗೂ ಗೊತ್ತಿರುವಂಥವು: ಕಾಲೇಜಿನ ಹೆಸರಿನಲ್ಲಿ ನಡೆಯುವ, ಬರೆದವರ ಹೆಸರಿಲ್ಲದೆ ಮಾತು ಹಾಕುವ ಕನ್ಫೆಷನ್ ಪೇಜು, ಫೇಕ್ ಐಡಿ, ಒಬ್ಬಳನ್ನು ಬಿಟ್ಟು ಉಳಿದವರೆಲ್ಲ ಸೇರಿ ಮಾಡುವ ಹೊಸ ಗ್ರೂಪು.

ಮಗು ಬಾಯಿ ಬಿಟ್ಟ ದಿನ ಮೊದಲು ಸಾಕ್ಷ್ಯ, ಆಮೇಲೆ ರಿಪೋರ್ಟ್, ಕೊನೆಗೆ ಬ್ಲಾಕ್. ಸಿಟ್ಟಿನಲ್ಲಿ ಮೊದಲು ಬ್ಲಾಕ್ ಮಾಡಿ ಚಾಟ್ ಅಳಿಸಿದರೆ ಮುಂದೆ ತೋರಿಸಲು ಏನೂ ಇರುವುದಿಲ್ಲ. ಸ್ಕ್ರೀನ್‌ಶಾಟಿನಲ್ಲಿ ಮಾತು ಮಾತ್ರ ಇದ್ದರೆ ಸಾಲದು. ಕಳಿಸಿದವರ ಯೂಸರ್‌ನೇಮ್ ಅಥವಾ ನಂಬರು, ದಿನ, ಹೊತ್ತು ಕಾಣಬೇಕು. ವಾಟ್ಸಾಪಿನಲ್ಲಿ ಸೇವ್ ಮಾಡಿದ ಹೆಸರು ಸಾಕ್ಷ್ಯವಲ್ಲ, ಆ ಹೆಸರನ್ನು ಒತ್ತಿ ನಂಬರು ಕಾಣುವ ಪರದೆಯನ್ನೂ ತೆಗೆದಿಡಿ. ಇನ್‌ಸ್ಟಾಗ್ರಾಂನಲ್ಲಿ ಸ್ಟೋರಿ 24 ಗಂಟೆಯಲ್ಲಿ ಮರೆಯಾಗುತ್ತದೆ, ಯೂಸರ್‌ನೇಮನ್ನೂ ಬದಲಾಯಿಸಬಹುದು. ಹಾಗಾಗಿ ಪ್ರೊಫೈಲಿನ ಲಿಂಕು, ಪೋಸ್ಟಿನ ಲಿಂಕು ಎರಡನ್ನೂ ಕಾಪಿ ಮಾಡಿ ಬರೆದಿಡಬೇಕು. ಇನ್ನೊಂದು ಫೋನಿನಿಂದ, ಪ್ರೊಫೈಲ್ ತೆರೆದು ಪೋಸ್ಟಿನ ತನಕ ಹೋಗುವುದನ್ನು ನಿಲ್ಲಿಸದೆ ವಿಡಿಯೋ ಮಾಡಿಟ್ಟರೆ ಇನ್ನೂ ಗಟ್ಟಿ. ಮೆಸೇಜುಗಳು ತಾವಾಗಿಯೇ ಅಳಿದುಹೋಗುವ ‘ಡಿಸಪಿಯರಿಂಗ್ ಮೆಸೇಜ್’ ಆನ್ ಇದೆಯೇ ನೋಡಿ, ಇದ್ದರೆ ತಡ ಮಾಡುವಂತಿಲ್ಲ. ಮೂಲ ಫೋನನ್ನು ರೀಸೆಟ್ ಮಾಡಬೇಡಿ, ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಬೇಡಿ.

ಅಪ್ಪ ರಾತ್ರಿಯೇ ಆ ಹುಡುಗನ ನಂಬರಿಗೆ ಫೋನ್ ಮಾಡಿ ಬೈಯುವುದು ಅರ್ಥವಾಗುವ ಸಂಕಟ. ಆದರೆ ಆ ಬೈಗುಳ ರೆಕಾರ್ಡ್ ಆಗಿ ಬೆಳಿಗ್ಗೆಯೊಳಗೆ ಗ್ರೂಪಿಗೆ ಬಂದರೆ ಮಗುವಿನ ಮೇಲೆ ಎರಡನೇ ಸುತ್ತು ಶುರು.

ಬೆತ್ತಲೆ ಅಥವಾ ಖಾಸಗಿ ಚಿತ್ರದ ವಿಷಯದಲ್ಲಿ ಮಾತ್ರ ಈ ಕ್ರಮ ಬದಲಾಗುತ್ತದೆ. 18 ತುಂಬದವರ ಅಂಥ ಚಿತ್ರವನ್ನು ಇಟ್ಟುಕೊಳ್ಳುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿಗೂ ಪೋಕ್ಸೋ ಕಾಯ್ದೆಗೂ ಬರುತ್ತದೆ. ‘ಸಾಕ್ಷ್ಯಕ್ಕೆ ಇರಲಿ’ ಎಂದು ಟೀಚರು ತಮ್ಮ ಫೋನಿಗೆ ತರಿಸಿಕೊಳ್ಳುವುದು, ಸ್ಟಾಫ್ ಗ್ರೂಪಿಗೆ ಹಾಕುವುದು ಖಂಡಿತ ಕೂಡದು. ಚಿತ್ರದ ಪ್ರತಿ ಮಾಡದೆ ಅಕೌಂಟು, ಲಿಂಕು, ಸಮಯವನ್ನಷ್ಟೇ ಕಾಗದದಲ್ಲಿ ಬರೆದು, ಫೋನನ್ನು ಇದ್ದಂತೆಯೇ ಪೊಲೀಸರಿಗೆ ಒಪ್ಪಿಸಿ. ಎಐಯಲ್ಲಿ ಮಾಡಿದ ನಕಲಿ ಚಿತ್ರವಾದರೂ ಇಷ್ಟೇ ಎಚ್ಚರ ಬೇಕು. ಮಗುವಿನ ಮೇಲೆ ಲೈಂಗಿಕ ಅಪರಾಧ ಆಗಿದೆ ಎಂದು ತಿಳಿದವರು ದೂರು ಕೊಡಲೇಬೇಕೆಂದು ಪೋಕ್ಸೋ 19ನೇ ಕಲಮು ಹೇಳುತ್ತದೆ. ಶಾಲೆಯ ಮಾನದ ಹೆಸರಿನಲ್ಲಿ ಒಳಗೊಳಗೇ ಮುಗಿಸಲು ಯಾರಿಗೂ ಅಧಿಕಾರವಿಲ್ಲ. ಚಿತ್ರ ಹರಡದಂತೆ ತಡೆಯಲು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. ಚಿತ್ರ ಮಗುವಿನ ಫೋನಿನಿಂದ ಹೊರಗೆ ಹೋಗುವುದಿಲ್ಲ, ಅದರ ಡಿಜಿಟಲ್ ಗುರುತು ಮಾತ್ರ ಈ ಸೇವೆಗೆ ಸೇರಿದ ಕಂಪನಿಗಳಿಗೆ ಹೋಗುತ್ತದೆ. 18 ದಾಟಿದವರಿಗೆ ಇದೇ ಬಗೆಯದ್ದು ‘ಸ್ಟಾಪ್ ಎನ್‌ಸಿಐಐ’.

ರಿಪೋರ್ಟ್ ಮಾಡಿದರೂ ಏನೂ ಆಗಲಿಲ್ಲ ಎಂಬ ದೂರು ನಮ್ಮ ಕಡೆ ಹೆಚ್ಚು. ಒಂದು ಕಾರಣ ಭಾಷೆ. ಇಲ್ಲಿನ ಮಕ್ಕಳು ಬೈಯುವುದು ತುಳು, ಬ್ಯಾರಿ, ಕೊಂಕಣಿ, ಕುಂದಗನ್ನಡದಲ್ಲಿ, ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ. ಕಂಪನಿಗಳ ಸ್ವಯಂಚಾಲಿತ ಜರಡಿಗೆ ಅದು ಸುಲಭಕ್ಕೆ ಸಿಗುವುದಿಲ್ಲ. ಬೇಡದ ಪದಗಳಿರುವ ಕಾಮೆಂಟು, ಮೆಸೇಜನ್ನು ಮರೆಮಾಡುವ ಇನ್‌ಸ್ಟಾಗ್ರಾಂನ ‘ಹಿಡನ್ ವರ್ಡ್ಸ್’ನಲ್ಲಿ ನಮ್ಮದೇ ಪದಗಳನ್ನು ಸೇರಿಸಲು ಜಾಗವಿದೆ. ಮಗುವಿನ ಜೊತೆ ಕೂತು, ಅಡ್ಡಹೆಸರನ್ನೂ ಬೈಗುಳವನ್ನೂ ಅವು ಬರುವ ಎಲ್ಲ ಸ್ಪೆಲ್ಲಿಂಗುಗಳಲ್ಲಿ ತುಂಬಿಸಿ. ವಾಟ್ಸಾಪಿನಲ್ಲಿ ಇಡೀ ಗ್ರೂಪನ್ನು ರಿಪೋರ್ಟ್ ಮಾಡಿದರೆ ಕಂಪನಿಗೆ ಹೋಗುವುದು ಕೊನೆಯ ಐದು ಮೆಸೇಜು. ಅವು ಗುಡ್ ಮಾರ್ನಿಂಗ್ ಆಗಿದ್ದರೆ ಪ್ರಯೋಜನವಿಲ್ಲ. ತೊಂದರೆ ಕೊಟ್ಟ ಮೆಸೇಜನ್ನೇ ಒತ್ತಿ ಹಿಡಿದು ರಿಪೋರ್ಟ್ ಮಾಡಬೇಕು.

ಇನ್‌ಸ್ಟಾಗ್ರಾಂನಲ್ಲಿ ಬ್ಲಾಕೋ ರಿಸ್ಟ್ರಿಕ್ಟೋ ಎಂಬುದನ್ನು ಮಗುವೇ ನಿರ್ಧರಿಸಲಿ. ಅಪರಿಚಿತನಾದರೆ ಬ್ಲಾಕ್ ಸರಿ. ಸುರತ್ಕಲ್‌ನಿಂದ ದಿನಾ ಒಂದೇ ಬಸ್ಸಿನಲ್ಲಿ ಬರುವ ಸಹಪಾಠಿಯನ್ನು ಬ್ಲಾಕ್ ಮಾಡಿದರೆ ಅದು ಅವನಿಗೆ ಬೇಗ ತಿಳಿಯುತ್ತದೆ, ಮರುದಿನ ಬಸ್ಸಿನಲ್ಲೇ ಜಗಳ. ರಿಸ್ಟ್ರಿಕ್ಟ್ ಮಾಡಿದರೆ ಅವನ ಕಾಮೆಂಟು ಅವನಿಗೆ ಮಾತ್ರ ಕಾಣುತ್ತದೆ, ಮೆಸೇಜು ರಿಕ್ವೆಸ್ಟಿಗೆ ಹೋಗುತ್ತದೆ, ಓದಿದ್ದು ತಿಳಿಯುವುದಿಲ್ಲ.

ಬೆದರಿಕೆ, ಫೇಕ್ ಐಡಿ, ಖಾಸಗಿ ಚಿತ್ರ ಇದ್ದರೆ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡುವ ಸೆನ್ ಪೊಲೀಸ್ ಠಾಣೆಗೆ ಹೋಗಿ. ಮಂಗಳೂರಿನಲ್ಲೂ ಉಡುಪಿಯಲ್ಲೂ ಇದೆ. ಕುಂದಾಪುರದಿಂದಲೋ ಮೂಲ್ಕಿಯಿಂದಲೋ ಅಷ್ಟು ದೂರ ಬರಲಾಗದಿದ್ದರೆ ಹತ್ತಿರದ ಠಾಣೆಯಲ್ಲೇ ಕೊಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ನಮ್ಮ ವ್ಯಾಪ್ತಿಯಲ್ಲ ಎಂದು ಹಿಂದೆ ಕಳಿಸುವಂತಿಲ್ಲ. ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲಿನಲ್ಲಿ ಮಹಿಳೆಯರ ಮತ್ತು ಮಕ್ಕಳ ವಿಭಾಗ ಬೇರೆಯೇ ಇದೆ. ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು, ಆದರೆ ಆಗ ದೂರು ಎಲ್ಲಿಗೆ ಬಂತೆಂದು ನೋಡಲಾಗದು. ಸಹಾಯವಾಣಿ 1930 ಮುಖ್ಯವಾಗಿ ಹಣದ ಮೋಸಕ್ಕೆ. ಮಕ್ಕಳ ವಿಷಯಕ್ಕೆ ಮಕ್ಕಳ ಸಹಾಯವಾಣಿ 1098. ದೂರಿನಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮು ಬರೆಯಬೇಡಿ, ಸುಪ್ರೀಂ ಕೋರ್ಟ್ ಅದನ್ನು 2015ರಲ್ಲೇ ರದ್ದು ಮಾಡಿದೆ. ಗುರುತು ಕದ್ದದ್ದಕ್ಕೆ 66ಸಿ, ಬೇರೆಯವರಂತೆ ನಟಿಸಿ ವಂಚಿಸಿದ್ದಕ್ಕೆ 66ಡಿ, ಖಾಸಗಿ ಅಂಗದ ಚಿತ್ರ ತೆಗೆದು ಹರಡಿದ್ದಕ್ಕೆ 66ಇ ಇವೆ.

ಕಾಟ ಕೊಟ್ಟವನೂ 18ರ ಒಳಗಿನವನಾದರೆ ಬಾಲ ನ್ಯಾಯ ಕಾಯ್ದೆ ಅನ್ವಯಿಸುತ್ತದೆ. ಇಬ್ಬರು ಮಕ್ಕಳ ಗುರುತನ್ನೂ ಮಾಧ್ಯಮದಲ್ಲಿ ಬಯಲು ಮಾಡುವುದು 74ನೇ ಕಲಮಿನಂತೆ ನಿಷಿದ್ಧ. ‘ಇವನೇ ಅವನು’ ಎಂದು ಹುಡುಗನ ಫೋಟೋ ಹಾಕಿ ಫೇಸ್‌ಬುಕ್ಕಿನಲ್ಲಿ ಹಂಚಿದರೆ ತೊಂದರೆಗೆ ಬೀಳುವವರು ಹಂಚಿದವರು. ಶಾಲೆಯಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿ ‘ಕೈ ಕುಲುಕಿ, ಮುಗಿಸಿ’ ಎನ್ನುವ ಪದ್ಧತಿಯನ್ನು ನಾವು ಬಲವಾಗಿ ವಿರೋಧಿಸುತ್ತೇವೆ. ಹೆದರಿದ ಮಗು ಅಲ್ಲಿ ಹೂಂ ಅನ್ನದೆ ಬೇರೆ ದಾರಿಯಿಲ್ಲ. ಹುಡುಗನ ಜೊತೆ, ಅವನ ಮನೆಯವರ ಜೊತೆ ಪ್ರತ್ಯೇಕವಾಗಿ ಮಾತಾಡಿ. ಏನು ಅಳಿಸಬೇಕು, ಯಾವ ದಿನದೊಳಗೆ, ಯಾರು ನೋಡಿ ಖಚಿತಪಡಿಸಬೇಕು ಎಂಬುದನ್ನು ಬರೆದು ಸಹಿ ತೆಗೆದುಕೊಳ್ಳಿ.

ನೋಡುತ್ತಾ ಕೂತ ಉಳಿದ ಮಕ್ಕಳಿಗೆ ಗ್ರೂಪಿನಲ್ಲಿ ಎದ್ದು ವಾದಿಸು ಎನ್ನುವುದು ಹೆಚ್ಚಿನ ನಿರೀಕ್ಷೆ. ನಗುವ ಇಮೋಜಿ ಹಾಕದಿರುವುದು, ಆ ಗೆಳತಿಗೆ ಪ್ರತ್ಯೇಕವಾಗಿ ‘ನೋಡಿದೆ, ನಾನು ನಿನ್ನ ಜೊತೆ ಇದ್ದೇನೆ’ ಎಂದು ಬರೆಯುವುದು, ತಮ್ಮ ಅಕೌಂಟಿನಿಂದಲೂ ರಿಪೋರ್ಟ್ ಮಾಡುವುದು ಎಲ್ಲರಿಂದಲೂ ಆಗುತ್ತದೆ.

ಸೋಮವಾರಗಳಂದು ಹೊಟ್ಟೆನೋವು, ಫೋನ್ ಸದ್ದಾದರೆ ಬೆಚ್ಚುವುದು, ಇದ್ದಕ್ಕಿದ್ದಂತೆ ಡಿಪಿ ತೆಗೆದುಹಾಕುವುದು ಕಂಡರೆ ಕೇಳಿ. ‘ಬದುಕುವುದೇ ಬೇಡ ಅನಿಸಿದೆಯಾ’ ಎಂದು ನೇರವಾಗಿ ಕೇಳುವುದರಿಂದ ಮಗುವಿನ ತಲೆಗೆ ಆ ಯೋಚನೆ ಹೊಸದಾಗಿ ಬರುವುದಿಲ್ಲ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಜೂನ್‌ನಲ್ಲಿ ಹೊಸ ಪಿಯು ಬ್ಯಾಚಿನ ಗ್ರೂಪು ಮಾಡುವಾಗಲೇ ಇಬ್ಬರು ಉಪನ್ಯಾಸಕರು ಅಡ್ಮಿನ್ ಆಗಿರಲಿ, ಹೊಸಬರನ್ನು ಸೇರಿಸಲು ಅಡ್ಮಿನ್ ಒಪ್ಪಿಗೆ ಬೇಕೆಂಬ ಸೆಟ್ಟಿಂಗ್ ಆನ್ ಇರಲಿ. ಅಡ್ಮಿನ್ ಯಾರ ಮೆಸೇಜನ್ನಾದರೂ ಅಳಿಸಬಹುದು, ಆದರೆ ಸ್ಕ್ರೀನ್‌ಶಾಟ್ ತೆಗೆದ ಮೇಲೆಯೇ. ತೊಂದರೆಯಾದರೆ ಯಾರ ಬಳಿ ಹೇಳಬೇಕು ಎಂಬ ಟೀಚರ ಹೆಸರೂ ಅವರು ಸಿಗುವ ಕೋಣೆಯೂ ಗ್ರೂಪಿನ ಡಿಸ್ಕ್ರಿಪ್ಷನ್‌ನಲ್ಲಿ ವರ್ಷವಿಡೀ ಇರಲಿ.